ವಾದ್ಯದಂಗಡಿಯ ಕೆಲಸ ಕಲಿಯುವುದು ಹೇಗೆ: ಹುಬ್ಬಳ್ಳಿ-ಧಾರವಾಡದ ಹುಡುಗ ಹುಡುಗಿಯರಿಗೆ ಒಂದು ವರ್ಷದ ತಯಾರಿ

ಹುಬ್ಬಳ್ಳಿ-ಧಾರವಾಡದ ವಾದ್ಯದಂಗಡಿಗೆ ಬರುವ ಗಿರಾಕಿ ಅಂಗಡಿಯವನಿಗಿಂತ ಹೆಚ್ಚು ಬಲ್ಲವನಾಗಿರುವುದು ಇಲ್ಲಿ ಅಪರೂಪವಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಹಾಡಿ ಬಾಳಿದ ಸೀಮೆ ಇದು. ಪಕ್ಕದ ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮವಿದೆ. ಹಾವೇರಿ ಕಡೆ ಹೋದರೆ ಶಿಶುನಾಳ ಶರೀಫರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರು ಊರೂರಲ್ಲಿ ಸಿಗುತ್ತಾರೆ. ಕೌಂಟರಿನ ಮುಂದೆ ನಿಂತ ಅಜ್ಜ ತಬಲಾದ ಅಂಚಿಗೆ ಬೆರಳಿನಿಂದ ಒಂದೇ ಒಂದು ‘ನಾ’ ನುಡಿಸಿ "ಇಳದೈತಲ್ಲೋ ತಮ್ಮಾ" ಅಂದುಬಿಡುತ್ತಾನೆ. ಆಗ ಸುತ್ತಿಗೆ ಕೈಗೆತ್ತಿಕೊಂಡು ಅಲ್ಲೇ ಸರಿಪಡಿಸಿ ಕೊಡಲು ಬಂದರೆ ನೀವು ಈ ಕೆಲಸಕ್ಕೆ ಬಂದವರು. "ಮಾಲು ಹಂಗ ಬಂದದ ಅಜ್ಜಾರ" ಅಂದರೆ ಆತ ಮುಂದಿನ ಅಂಗಡಿಗೆ ನಡೆಯುತ್ತಾನೆ, ಹೋಗುವಾಗ ತನ್ನ ಹತ್ತು ಶಿಷ್ಯರನ್ನೂ ಕರೆದೊಯ್ಯುತ್ತಾನೆ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮಾತುಗಾರಿಕೆ ಕೊನೆಗೆ ಬರುತ್ತದೆ, ಕಿವಿ ಮತ್ತು ಕೈ ಮೊದಲಿಗೆ. ಉದ್ದಕ್ಕೂ ಪಾಲಿಸಬೇಕಾದ ಕಟ್ಟಳೆ ಒಂದೇ: ಶ್ರುತಿ ಮಾಡದ ವಾದ್ಯ ಅಂಗಡಿಯ ಹೊಸ್ತಿಲು ದಾಟಬಾರದು.

ಮೊದಲ ಮೂರು ತಿಂಗಳು: ಕಿವಿ

ಕೆಲಸಕ್ಕೆ ಸೇರುವ ಮೊದಲೇ ಇದನ್ನು ಶುರು ಮಾಡಬಹುದು. ಬೇಕಾದದ್ದು ಒಂದು ಮೊಬೈಲು, ಒಂದು ತಾನಪುರ ಆ್ಯಪ್, ಒಂದು ಟ್ಯೂನರ್ ಆ್ಯಪ್, ಮತ್ತು ಮನೆಯಲ್ಲೋ ಮಠದಲ್ಲೋ ಸಿಗುವ ಒಂದು ಪೇಟಿ. ಹಾರ್ಮೋನಿಯಂಗೆ ನಮ್ಮ ಕಡೆ ಹೆಚ್ಚಿನವರು ಅನ್ನುವುದು ಪೇಟಿ ಅಂತಲೇ.

ಮೊದಲು ಪಟ್ಟಿಗಳ, ಅಂದರೆ ಹಾಡುವವರು ಸಾ ಇಟ್ಟುಕೊಳ್ಳುವ ಸ್ವರಗಳ ಹೆಸರು ಬಾಯಿಪಾಠವಾಗಬೇಕು. ಗಾಯಕರು ‘ಸಿ ಶಾರ್ಪ್’ ಅನ್ನುವುದಿಲ್ಲ, ‘ಕಾಳಿ ಒಂದು’ ಅನ್ನುತ್ತಾರೆ. ಗಿಟಾರ್ ಹುಡುಗರಿಗೆ ಕಾಳಿ ಗೊತ್ತಿಲ್ಲ. ಇಬ್ಬರ ನಡುವೆ ದುಭಾಷಿ ನೀವು. ಪೇಟಿಯ ಬಿಳಿ ಮನೆಗಳನ್ನು (ಒತ್ತುವ ಕೀಗಳನ್ನು) ಸಿ ಇಂದ ಎಣಿಸಿದರೆ ಸಫೇದ ಒಂದು ಸಿ, ಎರಡು ಡಿ, ಮೂರು ಇ, ನಾಲ್ಕು ಎಫ್, ಐದು ಜಿ, ಆರು ಎ, ಏಳು ಬಿ. ಕಪ್ಪು ಮನೆಗಳಲ್ಲಿ ಕಾಳಿ ಒಂದು ಸಿ ಶಾರ್ಪ್, ಎರಡು ಡಿ ಶಾರ್ಪ್, ಮೂರು ಎಫ್ ಶಾರ್ಪ್, ನಾಲ್ಕು ಜಿ ಶಾರ್ಪ್, ಐದು ಎ ಶಾರ್ಪ್. ಗಂಡಸರ ಹಾಡಿಕೆ ಹೆಚ್ಚಾಗಿ ಸಫೇದ ಒಂದರಿಂದ ಕಾಳಿ ಎರಡರ ಆಸುಪಾಸು, ಹೆಂಗಸರದು ಕಾಳಿ ನಾಲ್ಕು, ಕಾಳಿ ಐದರ ಆಸುಪಾಸು. ಗಂಗೂಬಾಯಿಯವರಂಥ ಗಂಭೀರ ಕಂಠ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೇ ಗಿರಾಕಿಯ ಮುಖ ನೋಡಿ ಪಟ್ಟಿ ಊಹಿಸಬಾರದು, ಕೇಳಬೇಕು.

ಆಮೇಲೆ ದಿನಕ್ಕೆ 20 ನಿಮಿಷದ ಅಭ್ಯಾಸ. ತಾನಪುರ ಹಚ್ಚಿಕೊಂಡು ಸಾ ಹಿಡಿಯಿರಿ, ಪ ಹಿಡಿಯಿರಿ, ಮೇಲಿನ ಸಾ ಹಿಡಿಯಿರಿ. ಚೆಂದ ಹಾಡಬೇಕಿಲ್ಲ, ಸೇರಿತೋ ಇಲ್ಲವೋ ತಿಳಿದರೆ ಸಾಕು. ಸೇರದ ಎರಡು ನಾದಗಳು ಒಟ್ಟಿಗೆ ನುಡಿದಾಗ ‘ವಾಂವ್ ವಾಂವ್’ ಎಂಬ ಅಲೆ ಕೇಳುತ್ತದೆ. 440 ಹರ್ಟ್ಸ್‌ನ ನಾದದ ಜೊತೆ 442ರದು ನುಡಿದರೆ ಸೆಕೆಂಡಿಗೆ ಎರಡು ಅಲೆ, 441 ಆದರೆ ಒಂದು. ಅಲೆ ನಿಧಾನವಾಗುತ್ತ ಬಂದು ನಿಂತರೆ ಸ್ವರ ಕೂಡಿತು. ಪೇಟಿಯೊಳಗೆ ನುಡಿಯುವ ಲೋಹದ ನಾಲಿಗೆಯ, ಅಂದರೆ ರೀಡಿನ ಪರೀಕ್ಷೆಗೂ ತಾನಪುರದ ಜೋಡಿ ತಂತಿಗೂ ಗಿಟಾರಿಗೂ ಇದೊಂದೇ ಉಪಾಯ ಸಾಕು. ಟ್ಯೂನರ್ ಆ್ಯಪನ್ನು ಮೊದಲು ನೋಡಬೇಡಿ. ಕಿವಿಯಿಂದ ಕೂಡಿಸಿ, ಆಮೇಲೆ ಆ್ಯಪಿನಲ್ಲಿ ತಾಳೆ ನೋಡಿ. ಮೊದಲೇ ಮುಳ್ಳು ನೋಡುವವರ ಕಿವಿ ವರ್ಷ ಕಳೆದರೂ ಬೆಳೆಯುವುದಿಲ್ಲ. ಬಿಳಿ, ಕಪ್ಪು ಸೇರಿಸಿ ಎಣಿಸಿದರೆ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರ 100 ಸೆಂಟ್. ಮೂರು ತಿಂಗಳ ಕೊನೆಗೆ ನಿಮ್ಮ ತಪ್ಪು 5 ಸೆಂಟಿನೊಳಗೆ ಇರುವಂತೆ ನೋಡಿಕೊಳ್ಳಿ.

ಜೊತೆಗೆ ಯಾವುದಾದರೂ ಒಂದು ವಾದ್ಯದ ಪಾಠಕ್ಕೆ ಸೇರಿ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ ಮತ್ತು ಪ್ರವೇಶಿಕಾ ಮಟ್ಟದ ಪಠ್ಯ ಅಂಗಡಿ ಕೆಲಸಕ್ಕೆ ಒಳ್ಳೆಯ ಬುನಾದಿ. ಪಾಶ್ಚಾತ್ಯ ವಾದ್ಯದ ಕಡೆ ಒಲವಿದ್ದರೆ ಟ್ರಿನಿಟಿ ಪರೀಕ್ಷೆಯ ಮೊದಲ ಎರಡು ಗ್ರೇಡಿನ ಪಠ್ಯ ನೋಡಿ. ಪರೀಕ್ಷೆ ಕಟ್ಟುವುದು ಬಿಡುವುದು ನಿಮಗೆ ಬಿಟ್ಟದ್ದು, ಪಠ್ಯವನ್ನಂತೂ ಓದಲೇಬೇಕು. "ಮುಂದಿನ ತಿಂಗಳ ಪರೀಕ್ಷಾ ಅದರೀ" ಎಂದು ಬರುವ ತಾಯಿಗೆ ಮಗುವಿಗೆ ಏನು ಬೇಕಾದೀತು ಎಂದು ಹೇಳಲು ಬರುವುದು ಆಗಲೇ.

ತಬಲಾ: ಇಲ್ಲಿ ಕೈ ಕುದುರಲಿ

ಭಜನೆ, ಸಂಗೀತ ಶಾಲೆ, ಸಣ್ಣಾಟ, ಮದುವೆ ಮನೆ ಎಲ್ಲ ಕಡೆಗೂ ತಬಲಾ ಬೇಕು, ಹಾಗೆಯೇ ರಿಪೇರಿಗೆ ತಿರುಗಿ ಬರುವುದರಲ್ಲೂ ಅದರದೇ ಮೇಲುಗೈ. ಬಲಗೈಯದು ತಬಲಾ, ಎಡಗೈಯದು ಡಗ್ಗಾ. ಮೇಲಿನ ಚರ್ಮದ ಹೊದಿಕೆ ಪುಡಿ. ಅದರ ನಡುವಿನ ಕರಿ ವರ್ತುಲ ಶಾಯಿ, ಅಂಚಿನ ಪಟ್ಟಿ ಕಿನಾರ್, ಎರಡರ ನಡುವೆ ಮೈದಾನ. ಸುತ್ತಲಿನ ಹೆಣೆದ ಜಡೆ ಗಜರಾ, ಎಳೆದು ಕಟ್ಟಿದ ಚರ್ಮದ ಪಟ್ಟಿ ವಾದಿ, ಅದರಡಿಯ ಎಂಟು ಮರದ ಗಟ್ಟೆಗಳು, ಕೆಳಗೆ ಕೂರಿಸುವ ಸಿಂಬಿ.

ಅಳತೆಯ ವಿಷಯದಲ್ಲಿ ತಪ್ಪಿದರೆ ಯಾವ ಸುತ್ತಿಗೆಯೂ ಕಾಪಾಡದು. ಬಾಯಿಯ ಅಗಲ ಕಡಿಮೆಯಾದಷ್ಟೂ ಸ್ವರ ಏರು. ಸ್ಥೂಲವಾಗಿ 5 ಇಂಚಿನದು ಸಫೇದ ಎರಡು, ಕಾಳಿ ಎರಡಕ್ಕೆ, 5.25 ಇಂಚಿನದು ಕಾಳಿ ಒಂದು, ಸಫೇದ ಎರಡಕ್ಕೆ, 5.5 ಇಂಚಿನದು ಸಫೇದ ಒಂದು, ಕಾಳಿ ಒಂದಕ್ಕೆ ಒಗ್ಗುತ್ತದೆ. 6 ಇಂಚು ಮತ್ತು ಅದಕ್ಕೂ ಅಗಲದ್ದು ಕೆಳಗಿನ ಕಾಳಿ ಐದರ ಕಡೆಗೆ. ಪುಡಿಯ ದಪ್ಪ, ಶಾಯಿಯ ತೂಕದ ಮೇಲೆ ಇದು ಅರ್ಧ ಮನೆ ಆಚೀಚೆ ಆಗುತ್ತದೆ. 5.5 ಇಂಚಿನದನ್ನು ಎಳೆದೆಳೆದು ಕಾಳಿ ಎರಡಕ್ಕೆ ಏರಿಸಿ ಕೊಟ್ಟರೆ ಆ ಹೊತ್ತಿಗೆ ನುಡಿಯುತ್ತದೆ, ವಾರದೊಳಗೆ ಪುಡಿ ಕಿನಾರಿನಲ್ಲಿ ಹರಿಯುತ್ತದೆ.

ಇಲ್ಲೊಂದು ಉಪಯೋಗದ ಲೆಕ್ಕ. ಕಾಳಿ ನಾಲ್ಕರಲ್ಲಿ ಹಾಡುವ ಹೆಣ್ಣುಮಗಳಿಗೆ ಆಕೆಯ ಮಧ್ಯಮ ಕಾಳಿ ಒಂದರ ಮೇಲೆಯೇ ಬೀಳುತ್ತದೆ. ಅಂದರೆ ಅಣ್ಣನಿಗೆಂದು ಕಾಳಿ ಒಂದಕ್ಕೆ ಕೊಂಡ ತಬಲಾ ತಂಗಿಯ ಹಾಡಿಕೆಗೂ ಮಧ್ಯಮವಾಗಿ ನಡೆಯುತ್ತದೆ. ಇಬ್ಬರು ಮಕ್ಕಳಿರುವ ಮನೆಯವರಿಗೆ ಇದನ್ನು ಹೇಳಿ ಒಂದು ಜೋಡಿ ಕಡಿಮೆ ಮಾರಿದರೆ ನಷ್ಟವಿಲ್ಲ, ಆ ಮನೆಯವರು ಬೇರೆಲ್ಲೂ ಹೋಗುವುದಿಲ್ಲ.

ಶ್ರುತಿ ಮಾಡುವ ಕ್ರಮ ಹೀಗೆ:

1. ಬೇಕಾದ ಸ್ವರವನ್ನು ಪೇಟಿಯಲ್ಲೋ ಆ್ಯಪಿನಲ್ಲೋ ಹಿಡಿದಿಡಿ. ನೆನಪಿನ ಮೇಲೆ ಮಾಡಬೇಡಿ.
2. ಗಜರಾದ ಸುತ್ತ 16 ಮನೆಗಳಿವೆ. ಸುತ್ತಿಗೆ ಮುಟ್ಟದೆ ಕಿನಾರಿನ ಮೇಲೆ ಒಂದೊಂದು ಮನೆಯ ಎದುರು ‘ನಾ’ ನುಡಿಸುತ್ತ ಒಂದು ಸುತ್ತು ಬನ್ನಿ. ಯಾವುದು ಏರಿದೆ, ಯಾವುದು ಇಳಿದಿದೆ ಸೀಮೆಸುಣ್ಣದಿಂದ ಗುರುತು ಹಾಕಿ.
3. ಒಟ್ಟು ಸ್ವರವೇ ಪೇಟಿಯ ಒಂದು ಮನೆಗಿಂತ ಹೆಚ್ಚು ಇಳಿದಿದ್ದರೆ ಮೊದಲು ಗಟ್ಟೆ. ಎಂಟನ್ನೂ ಒಂದೇ ಅಳತೆಯಲ್ಲಿ ಸ್ವಲ್ಪ ಸ್ವಲ್ಪ ಕೆಳಗೆ ತಟ್ಟಿ. ಕೆಳಗೆ ಹೋದಷ್ಟೂ ವಾದಿ ಬಿಗಿಯಾಗಿ ಸ್ವರ ಏರುತ್ತದೆ.
4. ಸಣ್ಣ ವ್ಯತ್ಯಾಸಕ್ಕೆ ಗಜರಾ. ಮೇಲಿಂದ ಕೆಳಗೆ ಹೊಡೆದರೆ ಏರುತ್ತದೆ, ಕೆಳಗಿಂದ ಮೇಲಕ್ಕೆ ತಟ್ಟಿದರೆ ಇಳಿಯುತ್ತದೆ.
5. ಒಂದು ಕಡೆ ತಟ್ಟಿದರೆ ಅದರ ಎದುರು ಕಡೆಯನ್ನೂ ನೋಡಿ. 1ರ ಜೊತೆ 9, 5ರ ಜೊತೆ 13, 3ರ ಜೊತೆ 11, 7ರ ಜೊತೆ 15. ಸುತ್ತಲೂ ವರಸೆಯಾಗಿ ಹೊಡೆಯುತ್ತ ಹೋದರೆ ಪುಡಿ ಒಂದು ಕಡೆಗೆ ವಾಲುತ್ತದೆ.
6. ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಚರ್ಮ ಕೂತುಕೊಳ್ಳುವಾಗ ಅಷ್ಟಿಷ್ಟು ಇಳಿದೇ ಇಳಿಯುತ್ತದೆ.

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಸುತ್ತಿಗೆ ಗಜರಾದಿಂದ ಜಾರಿ ಕಿನಾರಿಗೆ ಬೀಳುವುದು. ಒಂದೇ ಏಟಿಗೆ ಪುಡಿ ಹೋಗುತ್ತದೆ. ಹಳೆಯ, ಪುಡಿ ಹರಿದ ತಬಲಾ ಒಂದನ್ನು ಅಂಗಡಿಯ ಮೂಲೆಯಿಂದ ಕೇಳಿ ಪಡೆದು ಅದರ ಗಜರಾದ ಮೇಲೆ ಏಟಿನ ಗುರಿ ಕಲಿಯಿರಿ. ಕಲಿಯಲು ಮಾರಾಟದ ಮಾಲು ಮುಟ್ಟಬೇಡಿ.

ಶಾಯಿ ಕಬ್ಬಿಣದ ಹುಡಿ ಮತ್ತು ಅನ್ನದ ಅಂಟಿನಿಂದ ಪದರ ಪದರವಾಗಿ ಉಜ್ಜಿ ಕೂರಿಸಿದ್ದು. ಬೆರಳಿನ ಬೆವರು, ಮಳೆಗಾಲದ ತೇವ ಎರಡೂ ಅದಕ್ಕೆ ವೈರಿ. ಕಣ ಕಣವಾಗಿ ಉದುರತೊಡಗಿದರೆ ನಾದ ಕೆಡುತ್ತದೆ, ಮೇಲೆ ಏನು ಹಚ್ಚಿದರೂ ಸರಿಹೋಗದು. ಆಗ ಪುಡಿ ಬದಲಿಸುವುದೇ ದಾರಿ, ಅದು ತಬಲಾ ಕಟ್ಟುವ ಕಾರಿಗರ ಕೆಲಸ. ಅಂಗಡಿಯವರು ಕಲಿಯಬೇಕಾದದ್ದು ಯಾವುದು ತಮ್ಮ ಕೈಯಲ್ಲಿ ಆಗುತ್ತದೆ, ಯಾವುದು ಕಾರಿಗರಿಗೆ ಹೋಗಬೇಕು ಎಂಬ ವಿವೇಚನೆ.

ಪೇಟಿ ತೆರೆದು ನೋಡುವ ಧೈರ್ಯ

ಮಾರುಕಟ್ಟೆಯ ಪೇಟಿಗಳು ಹೆಚ್ಚಾಗಿ 37, 39 ಅಥವಾ 42 ಮನೆಯವು. ಎರಡು ಸಾಲಿನ ರೀಡ್ ಅಂದರೆ ತಗ್ಗು ಸ್ವರದ ಖರ್ಜ ಮತ್ತು ಅದಕ್ಕಿಂತ ಏರು ಸ್ವರದ ನರ, ಕಂಪನಿ ಪಟ್ಟಿಯಲ್ಲಿ ಬೇಸ್-ಮೇಲ್ ಅಂತ ಇರುತ್ತದೆ. ಮೂರನೇ ಸಾಲಿದ್ದರೆ ಬೆಲೆಯೂ ಗಾಳಿಯ ಖರ್ಚೂ ಎರಡೂ ಹೆಚ್ಚು. ಹೊಸದಾಗಿ ಕಲಿಯುವ ಹುಡುಗನಿಗೆ ಎರಡು ಸಾಲಿನದು ಧಾರಾಳ. ಸ್ಕೇಲ್ ಚೇಂಜರ್ ಪೇಟಿ ಬೇರೆ ಬೇರೆ ಪಟ್ಟಿಯ ಗಾಯಕರಿಗೆ ಸಾಥ್ ಕೊಡುವವರಿಗೆ ತಕ್ಕದ್ದು. ಅದರ ಮನೆಪಟ್ಟಿಯೇ ಸರಿಯುವುದರಿಂದ ಭಾರ ಹೆಚ್ಚು, ಎತ್ತಿಳಿಸುವಾಗ ಹೊಂದಾಣಿಕೆ ತಪ್ಪುವ ಭಯವೂ ಹೆಚ್ಚು. ಹಳ್ಳಿಯ ಭಜನಾ ಮಂಡಳಿಗೆ ಅದನ್ನು ಮಾರುವುದು, ನಮ್ಮ ದೃಷ್ಟಿಯಲ್ಲಿ, ಮಾರಾಟವಲ್ಲ ಮೋಸ.

ಹೊಸ ಪೇಟಿ ಬಂದ ದಿನ ಹೀಗೆ ಪರೀಕ್ಷಿಸಿ. ಸ್ಟಾಪರ್ (ಮುಂದಿನ ಎಳೆಯುವ ಗುಂಡಿ) ಎಲ್ಲ ಎಳೆದು, ಯಾವ ಮನೆಯನ್ನೂ ಒತ್ತದೆ ತಿದಿಯಲ್ಲಿ ಗಾಳಿ ತುಂಬಿ ಕೈ ಬಿಡಿ. ನಿಧಾನವಾಗಿ ಇಳಿದರೆ ಸರಿ, 10 ಸೆಕೆಂಡಿನೊಳಗೆ ಕುಸಿದರೆ ಎಲ್ಲೋ ಸೋರುತ್ತಿದೆ. ಕಿವಿ ಹತ್ತಿರ ಇಟ್ಟರೆ ‘ಸ್ಸ್’ ಎಂಬ ಸದ್ದು ಜಾಗ ತೋರಿಸುತ್ತದೆ. ಸೋರುವುದು ಸಾಮಾನ್ಯವಾಗಿ ತಿದಿಯ ಮೂಲೆಯ ಮಡಿಕೆಯಲ್ಲಿ, ಇಲ್ಲವೇ ಮನೆಯ ಕೆಳಗಿನ ಚರ್ಮದ ಮುಚ್ಚಳ ಸರಿಯಾಗಿ ಕೂರದಲ್ಲಿ. ಆಮೇಲೆ ಒಂದೊಂದೇ ಮನೆ ಒತ್ತಿ ಖರ್ಜ ಬೇರೆ, ನರ ಬೇರೆ ಕೇಳಿ. ಎರಡೂ ಸೇರಿಸಿದಾಗ ಅಲೆ ಎದ್ದರೆ ಆ ಮನೆಯ ರೀಡ್ ಬೇಸೂರು.

ಒಂದು ಮನೆ ಒತ್ತದೆಯೇ ಕೂಗುತ್ತಿದ್ದರೆ ಗಾಬರಿ ಬೇಡ. ಮೇಲಿನ ಜಾಲರಿ ತೆಗೆದು ನೋಡಿ. ಮಳೆಗಾಲವಾದರೆ ಮನೆಯ ಮರ ಉಬ್ಬಿ ಪಕ್ಕದ್ದಕ್ಕೆ ತಿಕ್ಕುತ್ತಿರುತ್ತದೆ, ಇಲ್ಲವೇ ಹಿಂದಿನ ಸ್ಪ್ರಿಂಗ್ ಸಡಿಲಾಗಿರುತ್ತದೆ, ಇಲ್ಲವೇ ಮುಚ್ಚಳದಡಿ ಊದುಬತ್ತಿಯ ಬೂದಿಯೋ ಕುಂಕುಮವೋ ಸಿಕ್ಕಿರುತ್ತದೆ. ಪೂಜೆಯ ಪೇಟಿಗಳಲ್ಲಿ ಈ ಮೂರನೆಯದೇ ಹೆಚ್ಚು. ಒಣ ಕುಂಚದಿಂದ ಒರೆಸಿದರೆ ಮುಗಿಯಿತು. ಉಬ್ಬಿದ ಮನೆಯನ್ನು ಮಾತ್ರ ಉಜ್ಜಲು ಹೋಗಬೇಡಿ, ಮಾಘದ ಬಿಸಿಲಿಗೆ ಅದೇ ಕುಗ್ಗಿ ಸಡಿಲಾಗಿ ಕಟಕಟ ಅನ್ನುತ್ತದೆ. ಎರಡು ದಿನ ಒಣ ಜಾಗದಲ್ಲಿಟ್ಟು ನೋಡಿ.

ಮನೆ ಒತ್ತಿದರೂ ನುಡಿಯದಿದ್ದರೆ ರೀಡಿನ ನಾಲಿಗೆಯಡಿ ಧೂಳಿನ ಕಣ ಸಿಕ್ಕಿದೆ ಎಂದು ತಿಳಿಯಿರಿ. ತೆಳು ಬ್ಲೇಡಿನ ತುದಿಯಿಂದ ನಾಲಿಗೆಯನ್ನು ಕೂದಲೆಳೆಯಷ್ಟು ಎತ್ತಿ ಬಿಟ್ಟರೆ ಕಣ ಹಾರುತ್ತದೆ. ಇನ್ನು ರೀಡಿನ ಶ್ರುತಿ: ಹಿತ್ತಾಳೆಯ ನಾಲಿಗೆಯ ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಕೆರೆದ ಲೋಹ ಮರಳಿ ಬರುವುದಿಲ್ಲ. ಎರಡು ಸಲ ಕೆರೆದು ಒಮ್ಮೆ ಕೇಳಿ, ಮತ್ತು ಮೊದಲ ಐವತ್ತು ರೀಡುಗಳನ್ನು ಗುಜರಿ ಪೇಟಿಯದರ ಮೇಲೇ ಕಲಿಯಿರಿ.

ತಾನಪುರ, ಸಿತಾರ್ ಮತ್ತು ಮಿರಜದ ದಾರಿ

ಈ ಭಾಗಕ್ಕೆ ತಾನಪುರ ಮತ್ತು ಸಿತಾರ್ ಬರುವ ಮುಖ್ಯ ಊರು ಮಿರಜ. 2024ರಲ್ಲಿ ಮಿರಜದ ಸಿತಾರ್ ಹಾಗೂ ತಾನಪುರಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಬೆಳಗಾವಿ ಮೇಲಿನ ರೈಲಿನಲ್ಲಿ ಹೋಗಿ ಒಂದು ದಿನ ಅಲ್ಲಿನ ಕಾರಿಗರ ಓಣಿಯಲ್ಲಿ ಕಳೆಯಿರಿ. ಪಂಢರಪುರ ಸೀಮೆಯಿಂದ ಬಂದ ಒಣ ಕುಂಬಳದ ಬುರುಡೆ ಹೇಗೆ ತುಂಬಿಯಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವನಿಗೆ ತುಂಬಿ ಎಷ್ಟು ನಾಜೂಕೆಂದು ಬೇರೆ ಹೇಳಬೇಕಿಲ್ಲ. ಸಿತಾರಿಗೆ ಧಾರವಾಡದಲ್ಲಿ ರಹಿಮತ್ ಖಾನರ ಪರಂಪರೆ ಇದೆ. ಆ ಕಡೆಯ ಶಿಷ್ಯರು ತಂತಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಕೇಳುತ್ತಾರೆ. ಮುಖ್ಯವಾಗಿ ನುಡಿಸುವ ಬಾಜ್ ತಂತಿ 0.30 ಉಕ್ಕಿನದು, ಇದನ್ನಂತೂ ಯಾವತ್ತೂ ಕಡಿಮೆ ಬೀಳದಂತೆ ಇಟ್ಟಿರಿ.

ತಾನಪುರದ ನಾಲ್ಕು ತಂತಿಗಳಲ್ಲಿ ಮೊದಲನೆಯದು ಪಂಚಮ, ನಡುವಿನ ಜೋಡಿ ಷಡ್ಜ, ಕೊನೆಯ ಹಿತ್ತಾಳೆಯದು ಖರ್ಜ. ಪಂಚಮವಿಲ್ಲದ ರಾಗಕ್ಕೆ ಮೊದಲನೆಯದನ್ನು ಮಧ್ಯಮಕ್ಕೆ ಇಳಿಸುತ್ತಾರೆ. ಮೇಲೆ ತಿರುಗಿಸುವ ಗೂಟ, ಅಂದರೆ ಕುಂಟಿಯಿಂದ ಹತ್ತಿರಕ್ಕೆ ತಂದು, ಉಳಿದದ್ದನ್ನು ಕೆಳಗಿನ ಮಣಿ ಸರಿಸಿ ಕೂಡಿಸಿ. ಕೊನೆಗೆ ತಂತಿಗಳು ಆತುಕೊಳ್ಳುವ ಕುದುರೆಯ ಮೇಲೆ ತಂತಿಯಡಿ ಹತ್ತಿ ದಾರ, ಅಂದರೆ ಜೀವಾಳಿ. ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ತಂತಿ ಮೀಟಿದರೆ ಒಂದು ಜಾಗದಲ್ಲಿ ನಾದ ಒಮ್ಮೆಲೇ ಅರಳುತ್ತದೆ. ಅಲ್ಲೇ ನಿಲ್ಲಿಸಿ. ಎಷ್ಟು ಸರಿಸಿದರೂ ಅರಳದಿದ್ದರೆ ಕುದುರೆಯ ಮೇಲ್ಮೈ ಸವೆದಿದೆ, ಜವಾರಿ ತೆಗೆಯಲು, ಅಂದರೆ ಆ ಮೇಲ್ಮೈಯನ್ನು ಮತ್ತೆ ಹದಗೊಳಿಸಲು ಕಾರಿಗರಿಗೆ ಕಳಿಸಿ.

ತುಂಬಿಯ ವಾದ್ಯ ಕಳಿಸುವಾಗ ತಂತಿಯನ್ನು ಎರಡು ಮೂರು ಮನೆ ಇಳಿಸಿ, ತುಂಬಿಯ ಸುತ್ತ ಹಳೆ ಕೌದಿ ಸುತ್ತಿ, ನಿಲ್ಲಿಸಿ ಕಳಿಸಿ. ಬಸ್ಸಿನ ಮೇಲೆ ಹಾಕಿದ ತಾನಪುರ ಇಳಿಯುವಾಗ ಎರಡು ತುಂಡು.

ಗಿಟಾರ್, ಪಿಟೀಲು

ಸಪ್ತಾಪುರ, ವಿದ್ಯಾನಗರದ ಕಡೆಯ ಕಾಲೇಜು ಹುಡುಗರು ಕೇಳುವುದು ಗಿಟಾರ್. ಮೊದಲು ಒಂದೇ ಪ್ರಶ್ನೆ: ನೈಲಾನ್ ತಂತಿಯದೋ ಉಕ್ಕಿನ ತಂತಿಯದೋ? ನೈಲಾನಿಗೆಂದು ಕಟ್ಟಿದ ಗಿಟಾರಿಗೆ ಉಕ್ಕಿನ ತಂತಿ ಹಾಕಿದರೆ ಎಳೆತ ತಾಳದೆ ಕೆಲವೇ ದಿನಗಳಲ್ಲಿ ತಂತಿ ಕಟ್ಟಿದ ಸೇತುವೆ (ಬ್ರಿಜ್) ಎದ್ದು ಬರುತ್ತದೆ. ತಂತಿಯ ಸೆಟ್ಟಿನ ಅಂಕಿ ಅಂದರೆ ತೀರ ತೆಳು ಮತ್ತು ತೀರ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗದಲ್ಲಿ. ಅಕೌಸ್ಟಿಕ್‌ಗೆ ಹೊಸಬರಿಗೆ 10–47ರ ಸೆಟ್, ಕೈ ಕುದುರಿದವರಿಗೆ 12–53. ಎಲೆಕ್ಟ್ರಿಕ್‌ಗೆ 9–42 ಅಥವಾ 10–46.

ತಂತಿ ಬದಲಿಸುವಾಗ ಒಂದೊಂದಾಗಿ ತೆಗೆದು ಹಾಕಿ. ಕಿವಿಗೂಟಕ್ಕೆ ಎರಡು ಮೂರು ಸುತ್ತು ಸಾಕು. ಹಾಕಿದ ಮೇಲೆ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಎಳೆದೆಳೆದು ಮತ್ತೆ ಶ್ರುತಿ ಮಾಡಿ, ಇಳಿಯುವುದು ನಿಲ್ಲುವ ತನಕ. ಇದನ್ನು ಬಿಟ್ಟರೆ ಹುಡುಗ ಮನೆ ಮುಟ್ಟುವಷ್ಟರಲ್ಲಿ ಗಿಟಾರ್ ಬೇಸೂರಾಗಿ, "ಡಿಫೆಕ್ಟ್ ಪೀಸ್ ಕೊಟ್ಟಾರ" ಎಂದು ಮರುದಿನ ಅಪ್ಪನ ಜೊತೆ ಬರುತ್ತಾನೆ. ಕುತ್ತಿಗೆಯ ಹನ್ನೆರಡನೇ ಫ್ರೆಟ್ (ಲೋಹದ ಅಡ್ಡಪಟ್ಟಿ) ಮೇಲೆ ತಂತಿಯ ಎತ್ತರ ಅಕೌಸ್ಟಿಕ್‌ನಲ್ಲಿ 2ರಿಂದ 2.5 ಮಿಲಿಮೀಟರ್, ನೈಲಾನಿನದರಲ್ಲಿ 3ರಿಂದ 4. ಇದಕ್ಕಿಂತ ಎತ್ತರವಿದ್ದರೆ ಎಳೆಯ ಬೆರಳು ನೋಯುತ್ತದೆ, ಹುಡುಗ ಬಿಟ್ಟುಬಿಡುತ್ತಾನೆ, ನಿಮ್ಮ ಮುಂದಿನ ವ್ಯಾಪಾರವೂ ಹೋಯಿತು. ಕುತ್ತಿಗೆಯೊಳಗಿನ ಲೋಹದ ಸಲಾಕೆ, ಅಂದರೆ ಟ್ರಸ್ ರಾಡ್ ತಿರುಗಿಸಬೇಕಾದರೆ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ, ಮರುದಿನ ಮತ್ತೆ ನೋಡಿ. ಕೈಗೆ ಬಿಗಿ ಅನಿಸಿದರೆ ಅಲ್ಲೇ ಬಿಡಿ.

ಮಕ್ಕಳ ಪಿಟೀಲಿಗೆ ವಯಸ್ಸು ಕೇಳಬೇಡಿ, ಕೈ ಅಳೆಯಿರಿ. ತೋಳು ಚಾಚಿಸಿ ಕುತ್ತಿಗೆಯಿಂದ ಅಂಗೈ ನಡುವಿಗೆ 23 ಇಂಚಿದ್ದರೆ ಪೂರ್ತಿ ಅಳತೆಯದು, 22 ಇದ್ದರೆ ಮುಕ್ಕಾಲು, 20 ಇದ್ದರೆ ಅರ್ಧ. ಕುದುರೆಯನ್ನು ಹಿಡಿದಿರುವುದು ತಂತಿಯ ಒತ್ತಡ ಮಾತ್ರ. ಎಲ್ಲ ತಂತಿ ಒಟ್ಟಿಗೆ ಸಡಿಲಿಸಿದರೆ ಕುದುರೆಯ ಜೊತೆ ಒಳಗಿನ ಪುಟ್ಟ ಕಂಬವೂ ಬೀಳುತ್ತದೆ, ಅದನ್ನು ಮರಳಿ ನಿಲ್ಲಿಸುವುದು ಬಲ್ಲವರ ಕೆಲಸ. ಹೊಸ ಕಮಾನು ಸದ್ದೇ ಮಾಡದಿದ್ದರೆ ಅದು ಕೆಟ್ಟಿಲ್ಲ, ರಾಳ ಹಚ್ಚಿಲ್ಲ.

ವೈರು, ಮೈಕು, ಕೀಬೋರ್ಡ್

"ಮೈಕ್ ಕೆಟ್ಟದ" ಎಂದು ತಂದವುಗಳಲ್ಲಿ ಎಷ್ಟೋ ಕೆಟ್ಟಿರುವುದಿಲ್ಲ, ವೈರು ಕೆಟ್ಟಿರುತ್ತದೆ. 25 ವಾಟ್‌ನ ಸೋಲ್ಡರಿಂಗ್ ಕಡ್ಡಿ, ಒಂದು ಮಲ್ಟಿಮೀಟರ್ ಇಟ್ಟುಕೊಂಡು ಮೈಕಿನ ವೈರಿನ ತುದಿಯ ಎಕ್ಸ್‌ಎಲ್‌ಆರ್ ಪಿನ್ ಬೆಸೆಯುವುದು ಕಲಿಯಿರಿ: 1 ಗ್ರೌಂಡ್, 2 ಮತ್ತು 3 ಸಿಗ್ನಲ್. ಕಂಡೆನ್ಸರ್ ಮೈಕಿಗೆ ಮಿಕ್ಸರಿನ 48 ವೋಲ್ಟ್ ಬೇಕು, ಡೈನಮಿಕ್‌ಗೆ ಬೇಡ. 8 ಓಮ್‌ನ ಎರಡು ಸ್ಪೀಕರನ್ನು ಸಮಾಂತರವಾಗಿ (ಪ್ಯಾರಲಲ್) ಒಂದೇ ಔಟ್‌ಪುಟ್ಟಿಗೆ ಕೊಟ್ಟರೆ ಆಂಪ್ಲಿಫೈಯರಿಗೆ ಕಾಣುವುದು 4 ಓಮ್, ಅದು ತಾಳುತ್ತದೆಯೇ ಎಂದು ಹಿಂಬದಿಯ ಬರಹ ಓದಿ. ಕೀಬೋರ್ಡಿನ ಅಡಾಪ್ಟರುಗಳಲ್ಲಿ ವೋಲ್ಟೇಜ್ 9.5 ಇದ್ದದ್ದೂ ಇವೆ, 12 ಇದ್ದದ್ದೂ ಇವೆ, ನಡುಪಿನ್ನಿನ ಧನ-ಋಣವೂ ಬೇರೆ ಬೇರೆ. ಪಿನ್ ಕೂತಿತೆಂದು ಹಚ್ಚಿದರೆ ಬೋರ್ಡ್ ಸುಡುತ್ತದೆ.

ಭಜನಾ ಮಂಡಳಿ, ಡೊಳ್ಳು, ಜಗ್ಗಲಿಗೆ

ಇದು ದೊಡ್ಡ ಅಂಗಡಿಗಳ ಜಾಲತಾಣದಲ್ಲಿ ಸಿಗದ ವ್ಯಾಪಾರ, ಆದ್ದರಿಂದ ನಿಮ್ಮದು. ಶ್ರಾವಣದ ಭಜನೆಗೆ ಬೇಕಾದ ಸೆಟ್ಟಿನ ಮಾತು ಆಷಾಢದಲ್ಲೇ ಬರುತ್ತದೆ: ಒಂದು ಪೇಟಿ, ತಬಲಾ ಜೋಡಿ, ತಾಳ ಎರಡರಿಂದ ನಾಲ್ಕು ಜೋಡಿ, ದಮ್ಮಡಿ, ಏಕತಾರಿ, ಗೆಜ್ಜೆ. ಕಂಚಿನ ತಾಳ ತೂಕದ ಮೇಲೆ ಮಾರುವ ಮಾಲು, ಆದರೆ ಜೋಡಿ ಕೂಡಿಸುವುದು ಕಿವಿಯ ಮೇಲೆ. ಅಂಚಿಗೆ ಅಂಚು ತಾಗಿಸಿ, ಬಿರುಕಿದ್ದರೆ ಝಣ್ ಅನ್ನುವ ಬದಲು ಟಕ್ ಅನ್ನುತ್ತದೆ. ಗಣಪತಿಗೆ ಡೊಳ್ಳು, ಹೋಳಿಗೆ ಹಲಗೆ ಮತ್ತು ಹುಬ್ಬಳ್ಳಿಯ ಜಗ್ಗಲಿಗೆ. ಇವುಗಳ ಚರ್ಮ, ಹಗ್ಗ, ಕೋಲು ಹಬ್ಬಕ್ಕೆ ತಿಂಗಳ ಮೊದಲೇ ಅಂಗಡಿಯಲ್ಲಿರಬೇಕು.

ಒಂದು ಎಚ್ಚರಿಕೆ. ಹಳೆಯ ಖಂಜಿರ, ದಮ್ಮಡಿಗಳಿಗೆ ಉಡದ ಚರ್ಮ ಹಾಕಿರುವುದುಂಟು. 1972ರ ವನ್ಯಜೀವಿ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ. ಹಳೇದನ್ನು ಬದಲಿಗೆ ಕೊಡಲು ಬಂದರೂ ತೆಗೆದುಕೊಳ್ಳಬೇಡಿ, ಆಡಿನ ಚರ್ಮದ್ದನ್ನೇ ಕೊಡಿ.

ಕೌಂಟರಿನ ಮಾತು

ಮಾರಾಟಕ್ಕೆ ಮೊದಲು ಕೇಳಬೇಕಾದದ್ದು ನಾಲ್ಕು: ವಾದ್ಯ ಯಾರಿಗೆ, ಗುರುಗಳು ಯಾರು, ಯಾವ ಪಟ್ಟಿ, ಎಷ್ಟರೊಳಗೆ. ಇದೇ ಅನುಕ್ರಮದಲ್ಲಿ. ಬಜೆಟ್ಟನ್ನು ಮೊದಲು ಕೇಳಿದರೆ ನಮ್ಮ ಜನ ಮುಜುಗರಪಟ್ಟು ಕಡಿಮೆ ಹೇಳುತ್ತಾರೆ, ಇಲ್ಲವೇ ಹೊರಟೇಹೋಗುತ್ತಾರೆ. "ಅಕ್ಕಾರ, ಪೇಟಿ ಯಾರಿಗ್ರೀ? ಪಾಠಕ್ಕ ಯಾರ ಕಡೆ ಹೊಂಟಾರ? ಗುರುಗಳು ಯಾವ ಪಟ್ಟಿಗೆ ಹಾಡಸ್ತಾರ, ಒಂದು ಫೋನ್ ಮಾಡಿ ಕೇಳ್ರಲಾ." ಆ ಒಂದು ಫೋನಿನಿಂದ ಮಾಲು ವಾಪಸ್ ಬರುವುದು ತಪ್ಪುತ್ತದೆ, ಗುರುಗಳಿಗೂ ನಿಮ್ಮ ಅಂಗಡಿಯ ಹೆಸರು ತಲುಪುತ್ತದೆ.

ಗದಗಿನಿಂದ ಬರುವ ಗಿರಾಕಿಗಳಲ್ಲಿ ದೃಷ್ಟಿಯಿಲ್ಲದ ಕಲಾವಿದರು ಇರುತ್ತಾರೆ. ಅವರಿಗೆ ವಾದ್ಯ ‘ತೋರಿಸುವುದು’ ಬೇರೆ ಕೆಲಸ. ಮೊದಲು ನಿಮ್ಮ ಹೆಸರು ಹೇಳಿ. ವಾದ್ಯವನ್ನು ನೆಲದ ಮೇಲೆ ಗಟ್ಟಿಯಾಗಿ ಕೂರಿಸಿ, ಅವರ ಒಪ್ಪಿಗೆ ಕೇಳಿ ಕೈಯನ್ನು ಅದರ ಮೇಲಿಡಿ. ಮನೆಗಳೆಷ್ಟು, ಸ್ಟಾಪರ್ ಯಾವ ಕಡೆ, ಯಾವುದು ಯಾವುದಕ್ಕೆ ಎಂದು ಒಮ್ಮೆ ಬಾಯಲ್ಲಿ ಹೇಳಿ, ಆಮೇಲೆ ಸುಮ್ಮನಿರಿ. ಅವರು ನುಡಿಸುವಾಗ ಮಾತಾಡಬೇಡಿ. ಜೊತೆಗೆ ಬಂದವರನ್ನಲ್ಲ, ಅವರನ್ನೇ ಮಾತಾಡಿಸಿ, ಬಿಲ್ಲನ್ನು ಓದಿ ಹೇಳಿ, ನೋಟನ್ನು ಒಂದೊಂದಾಗಿ ಎಷ್ಟರದೆಂದು ಹೇಳಿ ಕೈಗಿಡಿ.

ದಾಸ್ತಾನು, ಹವೆ, ಬಿಲ್ಲು

ಧಾರವಾಡ ಮಲೆನಾಡಿನ ಸೆರಗು, ಗದಗ ಬಯಲುಸೀಮೆ. ಸುಮಾರು ಐವತ್ತು ಮೈಲಿಯೊಳಗೆ ಹವೆ ಬದಲಾಗುತ್ತದೆ. ಧಾರವಾಡದ ಆಷಾಢದಲ್ಲಿ ಗಿಟಾರಿನ ಮೈ ಉಬ್ಬಿ ತಂತಿ ಎತ್ತರವಾಗುತ್ತದೆ, ತಬಲಾ ಇಳಿಯುತ್ತದೆ. ಗದಗಿನ ಏಪ್ರಿಲ್‌ನಲ್ಲಿ ಅದೇ ಗಿಟಾರ್ ಒಣಗಿ ತಂತಿ ಫ್ರೆಟ್ಟಿಗೆ ಬಡಿಯುತ್ತದೆ, ಫ್ರೆಟ್ಟಿನ ತುದಿ ಕೈಗೆ ಚುಚ್ಚುತ್ತದೆ. ಅಂಗಡಿಯಲ್ಲಿ ಒಂದು ತೇವಮಾಪಕ ಇಡಿ, 45ರಿಂದ 55 ಶೇಕಡಾ ನಡುವೆ ಇದ್ದರೆ ಮರದ ವಾದ್ಯ ಸುಖವಾಗಿರುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ, ಬೇಸಿಗೆಯಲ್ಲಿ ಕಿಟಕಿಯ ಬಿಸಿಲಿನಿಂದ ದೂರ. ಶೋಕೇಸಿನ ಬಿಸಿಲಲ್ಲಿ ನಿಲ್ಲಿಸಿದ ಪಿಟೀಲು ನೋಡಲು ಚೆಂದ, ಆದರೆ ಅದರ ಅಂಟು ಬಿಡುತ್ತದೆ.

ಲೆಕ್ಕದಲ್ಲಿ ಹೊಸಬರು ಎಡವುವುದು ಲಾಭದ ಶೇಕಡಾದಲ್ಲಿ. 8,000ಕ್ಕೆ ತಂದು 10,000ಕ್ಕೆ ಮಾರಿದರೆ ಕೊಂಡ ಬೆಲೆಯ ಮೇಲೆ 25 ಶೇಕಡಾ, ಮಾರಿದ ಬೆಲೆಯ ಮೇಲೆ 20. "20 ಪರ್ಸೆಂಟ್ ಬಿಡ್ರಿ" ಎಂದಾಗ ತಲೆಯಾಡಿಸಿದರೆ ಅಸಲಿಗೇ ಕೊಟ್ಟಂತಾಯಿತು. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ: ದರ 18 ಇದ್ದರೆ 11,800ರಲ್ಲಿ ನಿಮ್ಮದು 10,000. ತೆರಿಗೆಗಾಗಿ ಬಿಲ್ಲಿನಲ್ಲಿ ಬರೆಯುವ ಸರಕಿನ ಸಂಕೇತ ಎಚ್‌ಎಸ್‌ಎನ್, ವಾದ್ಯಗಳದು ಅದರ ಅಧ್ಯಾಯ 92. ತಂತಿವಾದ್ಯ 9202, ಗಾಳಿವಾದ್ಯ 9205, ಬಡಿಯುವವು 9206, ಕೀಬೋರ್ಡ್ ಮತ್ತು ಎಲೆಕ್ಟ್ರಿಕ್ ಗಿಟಾರ್ 9207, ಬಿಡಿಭಾಗ ಮತ್ತು ತಂತಿ 9209. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಪಟ್ಟಿ ಬದಲಾಗಿರುವುದರಿಂದ ಹಳೆಯ ಬಿಲ್ ನೋಡಿ ದರ ಹಾಕಬೇಡಿ, ಅಂಗಡಿಯ ಲೆಕ್ಕಿಗರಿಂದ ಈಗಿನ ಪಟ್ಟಿ ಪಡೆದು ಗೋಡೆಗೆ ಅಂಟಿಸಿ.

ತಂತಿ, ರಾಳ, ಸಿಂಬಿ, ಸಿತಾರ್ ಮೀಟುವ ಮಿಜರಾಬ್, ಕೇಬಲ್ ಇಂಥ ಚಿಲ್ಲರೆ ಮಾಲೇ ಅಂಗಡಿಯ ಬಾಡಿಗೆ ಕಟ್ಟುವುದು. ಗಿಟಾರಿನ ಮೊದಲ ತಂತಿ ಎಲ್ಲಕ್ಕಿಂತ ಬೇಗ ಕಡಿಯುತ್ತದೆ, ಆದ್ದರಿಂದ ಸೆಟ್ ಹತ್ತಿದ್ದರೆ ಬಿಡಿಯಾಗಿ ಮೊದಲ ತಂತಿ ಮೂವತ್ತು ಇರಲಿ.

ಕೆಲಸ ಕೇಳುವಾಗ

ಕೊಪ್ಪಿಕರ ರಸ್ತೆ, ದುರ್ಗದ ಬೈಲ್, ಧಾರವಾಡದ ಸುಭಾಸ ರಸ್ತೆ ಕಡೆಯ ಅಂಗಡಿಗಳಿಗೆ ಅರ್ಜಿ ಹಿಡಿದು ಹೋಗುವ ಪದ್ಧತಿ ಕಡಿಮೆ. ಮಧ್ಯಾಹ್ನ 2ರಿಂದ 4ರ ನಡುವೆ, ಗಿರಾಕಿ ವಿರಳವಿದ್ದಾಗ ಹೋಗಿ. ಕಿಸೆಯಲ್ಲಿ ಟ್ಯೂನರ್, ತಬಲಾ ಸುತ್ತಿಗೆ, ತಂತಿ ಕತ್ತರಿಸುವ ಇಕ್ಕಳ, ಸಣ್ಣ ಸ್ಕ್ರೂಡ್ರೈವರ್ ಇರಲಿ. "ಸಾಹುಕಾರ್ರ, ಗೋಡೆ ಮ್ಯಾಲಿನ ಗಿಟಾರ್ ಎಲ್ಲಾ ಟ್ಯೂನ್ ಮಾಡಿ ಕೊಡ್ಲೇನ್ರೀ?" ಅಂದರೆ ಸಾಕು. ಮೂರು ತಿಂಗಳು ಗೋದಾಮು ಮತ್ತು ಧೂಳು, ಆಮೇಲಿನ ಮೂರು ರಿಪೇರಿ ಮೇಜು, ಅದಾದ ಮೇಲೆ ಕೌಂಟರ್ ಎಂದು ಮೊದಲೇ ಮಾತಾಡಿಕೊಳ್ಳಿ. ಇಲ್ಲವಾದರೆ ವರ್ಷವಿಡೀ ಚಹಾ ತರುವ ಕೆಲಸವೇ ಉಳಿದೀತು. ಪಗಾರದ ಜೊತೆ ರಿಪೇರಿಯ ಕೂಲಿಯಲ್ಲಿ ಪಾಲು ಕೇಳಿ, ಕೈ ಕೆಲಸ ಬಲ್ಲವನಿಗೆ ಕೇಳುವ ಹಕ್ಕಿದೆ.

ಮಾಡಿದ ಪ್ರತಿ ರಿಪೇರಿಯನ್ನೂ ಒಂದು ವಹಿಯಲ್ಲಿ ಬರೆಯಿರಿ: ತಾರೀಕು, ವಾದ್ಯ, ದೂರು, ಕಂಡ ಕಾರಣ, ಮಾಡಿದ್ದು, ಮರಳಿ ಬಂತೋ ಇಲ್ಲವೋ. ಆ ಕೊನೆಯ ಅಂಕಣವನ್ನು ಖಾಲಿ ಬಿಡಬೇಡಿ. ಮರಳಿ ಬಂದವುಗಳಲ್ಲಿ ಯಾವ ದೂರು ಮೂರು ಸಲಕ್ಕಿಂತ ಹೆಚ್ಚಿದೆಯೋ, ಮುಂದಿನ ಭಾನುವಾರದ ಅಭ್ಯಾಸ ಅದರ ಮೇಲೆ.